ಹಾರ್ನೆಸ್ ಸರಿಯಾಗಿ ಕಟ್ಟಿಕೊಂಡಿದ್ದೀರಾ? ಬಂಡೆ ಹತ್ತುವವರು, ಇಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ರಾಮನಗರದ ಬಂಡೆಗಳ ಬುಡಕ್ಕೆ ಬೆಂಗಳೂರಿನಿಂದ ಗುಂಪುಗುಂಪಾಗಿ ಜನ ಬರುತ್ತಾರೆ. ಚೀಲ ಬಿಚ್ಚಿ, ಮೈಯನ್ನು ಹಗ್ಗಕ್ಕೆ ಜೋಡಿಸುವ ಪಟ್ಟಿಗಳಾದ ಹಾರ್ನೆಸ್‌ಗಳನ್ನು ನೆಲದ ಮೇಲೆ ಹರಡಿದ ಕೂಡಲೇ ಪ್ರಶ್ನೆಗಳು ಶುರು. ಮುಂದೆ ಯಾವುದು, ಹಿಂದೆ ಯಾವುದು? ಇಷ್ಟು ಸಣ್ಣ ಪಟ್ಟಿ ನನ್ನ ಭಾರ ತಡೆಯುತ್ತಾ? ವರ್ಷಗಳಿಂದ ಇವೇ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳುತ್ತಾ ಬಂದಿದ್ದೇನೆ. ಈಗ ಬರೆದಿಡುತ್ತಿದ್ದೇನೆ. ಓದಿದ ಮಾತ್ರಕ್ಕೆ ಹಗ್ಗದ ಕೆಲಸ ಬರುವುದಿಲ್ಲ. ಮೊದಲ ಕೆಲವು ಸಲ ಗೊತ್ತಿರುವವರ ಜೊತೆಯಲ್ಲೇ, ನೆಲದ ಹತ್ತಿರದಲ್ಲೇ ಕಲಿಯಿರಿ. ಅಲ್ಲಿ ಏನು ಕೇಳಬೇಕು, ಎಲ್ಲಿ ಕೈಯಿಟ್ಟು ನೋಡಬೇಕು ಎನ್ನುವುದು ಇದನ್ನು ಓದಿದರೆ ಗೊತ್ತಾಗುತ್ತದೆ.

ಹಾರ್ನೆಸ್‌ನಲ್ಲಿ ಯಾವ ಭಾಗ ಏನು ಕೆಲಸ ಮಾಡುತ್ತದೆ?

ಸೊಂಟಕ್ಕೆ ಒಂದು ಅಗಲ ಪಟ್ಟಿ. ತೊಡೆಗಳಿಗೆ ಎರಡು ಕುಣಿಕೆ, ಇವನ್ನು ಲೆಗ್ ಲೂಪ್ ಎನ್ನುತ್ತೇವೆ. ಸೊಂಟದ ಪಟ್ಟಿಯ ಮುಂಭಾಗದಲ್ಲಿ ಒಂದು, ಲೆಗ್ ಲೂಪ್‌ಗಳು ಸೇರುವಲ್ಲಿ ಒಂದು, ಹೀಗೆ ಎರಡು ಗಟ್ಟಿ ಕಣ್ಣುಗಳಿವೆ. ಹಗ್ಗ ಕಟ್ಟುವುದು ಇವುಗಳಿಗೆ. ಈ ಎರಡನ್ನೂ ಜೋಡಿಸುವ ದಪ್ಪ ಬಳೆಯಂಥ ಪಟ್ಟಿಯೇ ಬಿಲೇ ಲೂಪ್. ಬಿಲೇ ಅಂದರೆ ಬಿದ್ದರೆ ಹಿಡಿಯುವಂತೆ ಜೊತೆಗಾರರು ಹಗ್ಗ ಕಾಯುವುದು. ಇಳಿಯುವ ಸಾಧನ, ಕ್ಯಾರಬಿನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಎಲ್ಲ ಸಿಕ್ಕಿಸುವುದು ಅದಕ್ಕೆ. ಸೊಂಟದ ಅಕ್ಕಪಕ್ಕ ನೇತಾಡುವ ಸಣ್ಣ ಕುಣಿಕೆಗಳು ಗೇರ್ ಲೂಪ್. ಅವು ಸಾಮಾನು ತೂಗುಹಾಕಲು ಮಾತ್ರ. ಹಿಂದೆ ಲೆಗ್ ಲೂಪ್‌ಗಳನ್ನು ಎತ್ತಿ ಹಿಡಿಯುವ ಎಲಾಸ್ಟಿಕ್ ಪಟ್ಟಿಗಳೂ ಭಾರ ಹೊರುವುದಿಲ್ಲ.

ಕೈಗೆತ್ತಿಕೊಂಡಾಗ ಬಿಲೇ ಲೂಪ್ ಮುಂದಕ್ಕೆ ಬರಲಿ. ಪಟ್ಟಿಗಳು ತಿರುಚಿಕೊಂಡಿದ್ದರೆ ಮೊದಲು ಬಿಡಿಸಿ. ಆಮೇಲೆ ಪ್ಯಾಂಟ್ ಹಾಕಿಕೊಳ್ಳುವಂತೆ ಕಾಲು ತೂರಿಸಿ.

ಸೊಂಟದ ಪಟ್ಟಿ ಎಲ್ಲಿ ಕೂರಬೇಕು?

ನಾನು ನೋಡಿದ ತಪ್ಪುಗಳಲ್ಲಿ ಅರ್ಧಕ್ಕರ್ಧ ಇದೇ. ಜೀನ್ಸ್‌ನ ಬೆಲ್ಟ್ ಎಲ್ಲಿರುತ್ತದೋ ಅಲ್ಲೇ ಹಾರ್ನೆಸ್ ಕಟ್ಟುತ್ತಾರೆ. ಅದು ತುಂಬಾ ಕೆಳಗಾಯಿತು. ಉಡಿದಾರ ಜಾರಿ ಕೂರುವ ಜಾಗವಲ್ಲ, ಅದಕ್ಕಿಂತ ಮೇಲೆ.

ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಒತ್ತಿ ನೋಡಿ. ಅಕ್ಕಪಕ್ಕದಲ್ಲಿ ಮೂಳೆಯ ಅಂಚು ಸಿಗುತ್ತದೆ. ಪಟ್ಟಿ ಆ ಮೂಳೆಗಿಂತ ಮೇಲೆ, ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿ ಇರಬೇಕು. ಕಾರಣ ಸರಳ. ಬಿದ್ದಾಗ ಕೆಲವೊಮ್ಮೆ ಮೈ ತಲೆಕೆಳಗಾಗುತ್ತದೆ. ಆಗ ಪಟ್ಟಿ ಕೆಳಗೆ ಜಾರದಂತೆ ತಡೆಯುವುದು ಆ ಮೂಳೆಯೇ. ಪಟ್ಟಿ ಮೂಳೆಗಿಂತ ಕೆಳಗಿದ್ದರೆ ತಡೆಯಲು ಏನೂ ಇಲ್ಲ, ಮನುಷ್ಯ ಹಾರ್ನೆಸ್‌ನಿಂದಲೇ ಜಾರಿ ಬೀಳಬಹುದು.

ಎಷ್ಟು ಬಿಗಿ ಮಾಡಬೇಕು? ಊಟ ಆದಮೇಲೆ ಉಸಿರು ಕಟ್ಟುತ್ತದೆ.

ಉಸಿರು ಪೂರ್ತಿ ಎಳೆದುಕೊಳ್ಳಲು ಆಗಬೇಕು. ಆದರೆ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಕೆಳಗೆ ಎಳೆದರೆ ಅದು ಸೊಂಟದ ಮೂಳೆ ದಾಟಿ ಬರಬಾರದು. ಈ ಪರೀಕ್ಷೆ ಬೇರೆಲ್ಲದಕ್ಕಿಂತ ಒಳ್ಳೆಯದು. ಪಟ್ಟಿಯ ಒಳಗೆ ಅಂಗೈ ಚಪ್ಪಟೆಯಾಗಿ ತೂರಬಹುದು. ಅಲ್ಲೇ ಮುಷ್ಟಿ ಕಟ್ಟಿ ತಿರುಗಿಸಲು ಆಯಿತು ಎಂದರೆ ಸಡಿಲ.

ಕಟ್ಟಿಕೊಂಡು ಹತ್ತು ನಿಮಿಷ ಓಡಾಡಿದ ಮೇಲೆ ಮತ್ತೊಮ್ಮೆ ಎಳೆಯಿರಿ. ಬಟ್ಟೆ ಮಡಚಿಕೊಳ್ಳುತ್ತದೆ, ಹೊಟ್ಟೆ ಇಳಿಯುತ್ತದೆ, ಪಟ್ಟಿ ಸಡಿಲಾಗುತ್ತದೆ. ಬೆಳಿಗ್ಗೆ ಚಳಿಗೆ ಜಾಕೆಟ್ ಮೇಲೆ ಕಟ್ಟಿಕೊಂಡು, ಬಿಸಿಲೇರಿದಾಗ ಜಾಕೆಟ್ ಮಾತ್ರ ಎಳೆದು ತೆಗೆದವರನ್ನು ನೋಡಿದ್ದೇನೆ. ಬಟ್ಟೆ ಬದಲಾದರೆ ಹಾರ್ನೆಸ್ ಮತ್ತೆ ಮೊದಲಿನಿಂದ ಕಟ್ಟಬೇಕು.

ಲೆಗ್ ಲೂಪ್ ಕೂಡ ಅಷ್ಟೇ ಬಿಗಿಯಾಗಿರಬೇಕಾ?

ಬೇಡ. ತೊಡೆಯ ಮೇಲ್ಭಾಗದಲ್ಲಿ ಹಿತವಾಗಿ ಕೂತು, ಅಂಗೈ ಒಳಗೆ ಹೋಗುವಷ್ಟಿದ್ದರೆ ಸಾಕು. ಕಾಲು ಎತ್ತರಕ್ಕೆ ಎತ್ತಿ ನೋಡಿ, ಎಲ್ಲೂ ಹಿಡಿಯಬಾರದು. ಗಂಡಸರು ಹಗ್ಗಕ್ಕೆ ಭಾರ ಬಿಡುವ ಮೊದಲು ಬಟ್ಟೆ, ಪಟ್ಟಿ ಎಲ್ಲ ಸರಿಪಡಿಸಿಕೊಳ್ಳಿ. ನೇತಾಡುವಾಗ ನೆನಪಾದರೆ ತುಂಬಾ ನೋವಾಗುತ್ತದೆ.

ಬಕಲ್ ಹಾಕುವುದರಲ್ಲಿ ತಪ್ಪು ಮಾಡೋದಕ್ಕೆ ಏನಿದೆ?

ಬಹಳ ಇದೆ. ಹಳೆಯ ನಮೂನೆಯ ಬಕಲ್‌ನಲ್ಲಿ ಪಟ್ಟಿಯನ್ನು ಒಮ್ಮೆ ತೂರಿಸಿ ಎಳೆದರೆ ಗಟ್ಟಿಯಾಗಿಯೇ ಕೂರುತ್ತದೆ. ನಿಂತಾಗ ಸರಿಯಾಗಿಯೇ ಕಾಣುತ್ತದೆ. ಭಾರ ಬಿದ್ದಾಗ ಸ್ವಲ್ಪ ಸ್ವಲ್ಪವೇ ಜಾರಿ ಕೊನೆಗೆ ಪೂರ್ತಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ತೂರಿಸಿದ ಪಟ್ಟಿಯನ್ನು ಹಿಂದಕ್ಕೆ ಮಡಚಿ, ಅದೇ ಬಕಲ್‌ನೊಳಗೆ ಮತ್ತೊಮ್ಮೆ ತೂರಿಸಬೇಕು. ಡಬಲ್ ಬ್ಯಾಕ್ ಎನ್ನುವುದು ಇದನ್ನೇ. ಬಕಲ್‌ನ ಲೋಹ ಇಡಿಯಾಗಿ, ಉಂಗುರದಂತೆ ಕಂಡರೆ ಅದು ತೆರೆದಿದೆ. ಅರ್ಧ ಮುಚ್ಚಿಹೋಗಿ ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಕಂಡರೆ ಮುಚ್ಚಿದೆ.

ಈಗಿನ ಹಾರ್ನೆಸ್‌ಗಳಲ್ಲಿ ಬಕಲ್ ಮೊದಲೇ ಹೀಗೆ ಮಡಚಿ ಬಂದಿರುತ್ತದೆ, ಎಳೆದರೆ ಸಾಕು. ಆದರೂ ಎಳೆದ ಮೇಲೆ ಬಕಲ್‌ನಿಂದಾಚೆ ಕನಿಷ್ಠ ನಾಲ್ಕು ಬೆರಳಿನ ಅಗಲದಷ್ಟು ಬಾಲ ಉಳಿಯಬೇಕು. ಅಷ್ಟು ಉಳಿಯದಿದ್ದರೆ ಆ ಸೈಜ್ ನಿಮಗೆ ಚಿಕ್ಕದು, ಬೇರೆ ತೆಗೆದುಕೊಳ್ಳಿ. ಉಳಿದ ಬಾಲವನ್ನು ಎಲಾಸ್ಟಿಕ್ ಒಳಗೆ ಸಿಕ್ಕಿಸಿ. ಬಕಲ್‌ನೊಳಗೆ ಅಂಗಿಯ ತುದಿ ಸಿಕ್ಕಿಕೊಂಡಿದೆಯಾ ಎಂದು ಬೆರಳಾಡಿಸಿ ನೋಡಿ.

ನನಗೇ ಆಗಿದ್ದು ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ಶಿಬಿರದಲ್ಲಿ ಅರವತ್ತು ಅಡಿ ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಂತಿದ್ದೆ. ಇನ್ನೇನು ಹಿಂದಕ್ಕೆ ವಾಲಬೇಕು. ಹಗ್ಗ ಸುತ್ತಿಡಲು ಬಂದಿದ್ದ ಹದಿನೆಂಟರ ಹುಡುಗ ಕೈ ಚಾಚಿ ನನ್ನ ಬಕಲ್ ಮುಟ್ಟಿದ. "ಸಾರ್, ಒಂದ್ನಿಮಿಷ" ಅಂದ. ಪಟ್ಟಿ ಒಂದೇ ಸಲ ತೂರಿಸಿತ್ತು. ಅವನಿಗೆ ನನಗಿಂತ ಅನುಭವ ಕಡಿಮೆ, ವಯಸ್ಸೂ ಕಡಿಮೆ. ಕೇಳಲು ಹಿಂಜರಿದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. ಅಂದಿನಿಂದ ನನ್ನ ಜೊತೆ ಬರುವ ಹೊಸಬರಿಗೆಲ್ಲ ಮೊದಲು ನನ್ನ ಹಾರ್ನೆಸ್ ಮುಟ್ಟಿ ನೋಡಲು ಹೇಳುತ್ತೇನೆ. ಕಣ್ಣಿನಿಂದ ನೋಡುವುದಲ್ಲ, ಕೈಯಿಂದ ಎಳೆದು ನೋಡುವುದು.

ಹಗ್ಗ ಕಟ್ಟಬೇಕಾದ್ದು ಬಿಲೇ ಲೂಪ್‌ಗೋ, ಆ ಎರಡು ಕಣ್ಣುಗಳಿಗೋ?

ಹತ್ತುವಾಗ ಹಗ್ಗವನ್ನು ನೇರ ಆ ಎರಡು ಕಣ್ಣುಗಳಿಗೇ ಕಟ್ಟಬೇಕು. ಬಿಲೇ ಲೂಪ್ ಯಾವ ದಾರಿಯಲ್ಲಿ ಹೋಗಿದೆಯೋ ಅದೇ ದಾರಿಯಲ್ಲಿ ಹಗ್ಗವೂ ಹೋಗಬೇಕು. ಒಂದೇ ಕಣ್ಣಿಗೆ ಕಟ್ಟಿದರೆ ಹಾರ್ನೆಸ್‌ನ ಅರ್ಧ ಭಾಗ ಕೆಲಸಕ್ಕೇ ಬರುವುದಿಲ್ಲ. ಗಂಟು ಫಿಗರ್ ಎಯ್ಟ್, ಅಂದರೆ ಎಂಟರ ಆಕಾರದ ಗಂಟು. ಬಂದ ದಾರಿಯಲ್ಲೇ ಹಗ್ಗವನ್ನು ವಾಪಸ್ ಓಡಿಸಬೇಕು. ಉದ್ದಕ್ಕೂ ಎರಡೆರಡು ಎಳೆ ಜೋಡಿಯಾಗಿ ಕಾಣಬೇಕು. ಬಾಲ ಕನಿಷ್ಠ 10 ಸೆಂಟಿಮೀಟರ್ ಇರಲಿ.

ಬಿಲೇ ಸಾಧನ, ರ‍್ಯಾಪೆಲಿಂಗ್ (ಹಗ್ಗದ ಮೇಲೆ ಇಳಿಯುವ) ಸಾಧನದ ಕ್ಯಾರಬಿನರ್ ಮಾತ್ರ ಬಿಲೇ ಲೂಪ್‌ಗೆ. ಕೆಲವರು ಎರಡು ಕಣ್ಣಿಗೂ ಸೇರಿಸಿ ಕ್ಯಾರಬಿನರ್ ಸಿಕ್ಕಿಸುತ್ತಾರೆ, ಡಬಲ್ ಸೇಫ್ ಎಂದುಕೊಂಡು. ಆಗುವುದು ಉಲ್ಟಾ. ಕ್ಯಾರಬಿನರ್ ಅಡ್ಡಕ್ಕೆ ತಿರುಗುತ್ತದೆ, ಮೂರು ಕಡೆಯಿಂದ ಎಳೆತ ಬೀಳುತ್ತದೆ. ಉದ್ದಕ್ಕೆ 20 ಕಿಲೋನ್ಯೂಟನ್ ತಡೆಯುವ ಕ್ಯಾರಬಿನರ್‌ಗೆ ಅಡ್ಡಕ್ಕೆ ಇರಬೇಕಾದ ಬಲ ಬರೀ 7. ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿ ತೂಗುಹಾಕಿದಷ್ಟು ಎಳೆತ ಎಂದಿಟ್ಟುಕೊಳ್ಳಿ.

ಗಂಟು ಕಟ್ಟಲು ಶುರುಮಾಡಿದರೆ ಮುಗಿಸಿಯೇ ಏಳಬೇಕು. 1989ರ ಮೇ ತಿಂಗಳಲ್ಲಿ ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿ ಅಮೆರಿಕದ ಕ್ಲೈಂಬರ್ ಲಿನ್ ಹಿಲ್ ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿದರು, ಗಂಟು ಮುಗಿಸುವ ಮುನ್ನ ಶೂ ಹಾಕಿಕೊಳ್ಳಲು ಹೋದರು, ಮಾತಿನಲ್ಲಿ ಮರೆತರು. ಜಾಕೆಟ್ ಆ ಜಾಗವನ್ನು ಮುಚ್ಚಿತ್ತು. ಮೇಲೆ ತಲುಪಿ ಇಳಿಯಲು ಹಗ್ಗಕ್ಕೆ ಭಾರ ಬಿಟ್ಟಾಗ ಸುಮಾರು 22 ಮೀಟರ್ ಕೆಳಗೆ ಬಿದ್ದರು. ಮರದ ಕೊಂಬೆಗಳಿಗೆ ಸಿಕ್ಕಿ ಜೀವ ಉಳಿಯಿತು. ಆಗಲೇ ಅವರು ಜಗತ್ತಿನ ಅತಿ ಒಳ್ಳೆಯ ಕ್ಲೈಂಬರ್‌ಗಳಲ್ಲಿ ಒಬ್ಬರು. ಆದ್ದರಿಂದ ಯಾರಾದರೂ ಗಂಟು ಕಟ್ಟುತ್ತಿದ್ದರೆ ಅವರ ಜೊತೆ ಮಾತಾಡಬೇಡಿ. ನಿಮ್ಮನ್ನು ಯಾರಾದರೂ ಮಾತಾಡಿಸಿದರೆ "ತಡೀರಿ" ಎನ್ನಿ.

ಇಡೀ ಜೀವ ಒಂದೇ ಬಿಲೇ ಲೂಪ್ ಮೇಲೆ. ಅದು ಹರಿದುಹೋದರೆ?

ಹೊಸದಾಗಿ, ಚೆನ್ನಾಗಿದ್ದರೆ ಹರಿಯುವುದಿಲ್ಲ. ಯುರೋಪಿನ ಇಎನ್ 12277 ಮಾನದಂಡದಂತೆ ದೊಡ್ಡವರ ಸಿಟ್ ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಈ ಮಾಮೂಲಿ ಹಾರ್ನೆಸ್) 15 ಕಿಲೋನ್ಯೂಟನ್ ತಡೆಯಬೇಕು. ಕ್ಲೈಂಬಿಂಗ್‌ನ ಡೈನಾಮಿಕ್ ಹಗ್ಗ ಬೀಳುವವರ ರಭಸವನ್ನು ಹಿಗ್ಗಿ ಹೀರಿಕೊಳ್ಳುತ್ತದೆ. 80 ಕೆಜಿ ತೂಕ ಬೀಳಿಸಿ ಮಾಡುವ ಕಠಿಣ ಪರೀಕ್ಷೆಯ ಮೊದಲ ಬೀಳುವಿಕೆಯಲ್ಲೂ ಸಿಂಗಲ್ ಹಗ್ಗದ ಎಳೆತ 12 ಕಿಲೋನ್ಯೂಟನ್ ದಾಟಬಾರದು ಎಂಬುದು ನಿಯಮ. ಹಾಗಾಗಿ ಹಾರ್ನೆಸ್ ಹಗ್ಗಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ.

ಆದರೆ ಸವೆದ ಲೂಪ್ ಹರಿಯುತ್ತದೆ. ಟಾಡ್ ಸ್ಕಿನ್ನರ್ ಅಮೆರಿಕದ ಹೆಸರಾಂತ ಕ್ಲೈಂಬರ್. 2006ರ ಅಕ್ಟೋಬರ್ 23ರಂದು ಯೊಸೆಮಿಟಿಯ ಲೀನಿಂಗ್ ಟವರ್‌ನಲ್ಲಿ ಹಗ್ಗದ ಮೇಲೆ ಇಳಿಯುತ್ತಿದ್ದಾಗ ಅವರ ಬಿಲೇ ಲೂಪ್ ಹರಿದು ಬಿದ್ದು ತೀರಿಕೊಂಡರು. ಲೂಪ್ ಸವೆದಿದ್ದನ್ನು ಜೊತೆಗಾರರು ಮೊದಲೇ ಗಮನಿಸಿ ಹೇಳಿದ್ದರು. ಹೊಸ ಹಾರ್ನೆಸ್ ಆರ್ಡರ್ ಕೂಡ ಆಗಿತ್ತು. ಇದನ್ನು ಪ್ರತಿ ಸಲ ಹೇಳುವಾಗಲೂ ನನ್ನ ಮನಸ್ಸು ಭಾರವಾಗುತ್ತದೆ. ಗೊತ್ತಿತ್ತು, ಹೊಸದು ಬರುವುದರಲ್ಲಿತ್ತು, ಅಷ್ಟರೊಳಗೆ ಹೀಗಾಯಿತು. ಸವೆದಿದೆ ಅನ್ನಿಸಿದ ದಿನವೇ ನಿಲ್ಲಿಸಿ. ಆ ದಿನ ಹತ್ತದೆ ಕೆಳಗೆ ಕೂತರೂ ಪರವಾಗಿಲ್ಲ.

ಬಿಲೇ ಲೂಪ್‌ಗೆ ಸ್ಲಿಂಗ್ (ಹೊಲಿದ ಪಟ್ಟಿಯ ಕುಣಿಕೆ) ಅಥವಾ ಡೈಸಿ ಚೈನ್ (ಸಾಲು ಕುಣಿಕೆಗಳಿರುವ ಪಟ್ಟಿ) ಗಂಟುಹಾಕಿ ತಿಂಗಳುಗಟ್ಟಲೆ ಹಾಗೇ ಬಿಡಬೇಡಿ. ಲೂಪ್ ತಿರುಗದೆ ಒಂದೇ ಜಾಗದಲ್ಲಿ ಉಜ್ಜಿಸಿಕೊಳ್ಳುತ್ತದೆ. ಹಾಗೆಯೇ, ಓಡುವ ಹಗ್ಗವನ್ನು ನೇರ ಲೂಪ್‌ನೊಳಗೆ ತೂರಿಸಿ ಯಾರನ್ನೂ ಇಳಿಸಬಾರದು. ನೈಲಾನ್ ಮೇಲೆ ನೈಲಾನ್ ಉಜ್ಜಿದರೆ ಆ ಬಿಸಿಗೆ ಕರಗಿ ಕತ್ತರಿಸುತ್ತದೆ. ನಡುವೆ ಲೋಹ ಇರಲೇಬೇಕು.

ಗೇರ್ ಲೂಪ್‌ಗೆ ಸಿಕ್ಕಿಸಿಕೊಂಡು ಒಂದು ಫೋಟೋ ತೆಗೆಸಿಕೊಳ್ಳಬಹುದಾ?

ಬೇಡ. ಅವು ಕೆಲವೇ ಕೆಜಿಗೆ ಮಾಡಿದವು. ಅಂಚಿನಲ್ಲಿ ನಿಂತು, ಹಗ್ಗವನ್ನು ಬಂಡೆಗೆ ಭದ್ರಪಡಿಸಿದ ಜಾಗವಾದ ಆಂಕರ್‌ಗೆ ಸಿಕ್ಕಿಸಿಕೊಳ್ಳುವಾಗ ಕೈ ತಪ್ಪಿ ಗೇರ್ ಲೂಪ್‌ಗೆ ಹಾಕುವುದು ಸುಲಭ. ಕ್ಯಾರಬಿನರ್ ಎಲ್ಲಿ ಹೋಗಿದೆ ಎಂದು ಕಣ್ಣಿಟ್ಟು ನೋಡಿ, ಕೈಯಿಂದ ಜಗ್ಗಿ.

ಹೊಟ್ಟೆ ಸ್ವಲ್ಪ ಜಾಸ್ತಿ ಇದೆ. ಪಟ್ಟಿ ಮೇಲೆ ನಿಲ್ಲುತ್ತಲೇ ಇಲ್ಲ. ಏನು ಮಾಡಲಿ?

ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಸೊಂಟಕ್ಕಿಂತ ಹೊಟ್ಟೆ ಅಗಲವಾಗಿದ್ದರೆ ಪಟ್ಟಿ ಕೆಳಗೆ ಜಾರುತ್ತದೆ. ಆಗ ಸಿಟ್ ಹಾರ್ನೆಸ್ ಜೊತೆ ಎದೆಯ ಹಾರ್ನೆಸ್ ಸೇರಿಸಬೇಕು, ಇಲ್ಲವೇ ಇಡೀ ಮೈಯ ಫುಲ್ ಬಾಡಿ ಹಾರ್ನೆಸ್ ಹಾಕಬೇಕು. ಎದೆಯ ಪಟ್ಟಿ ಒಂದನ್ನೇ ಹಾಕಿಕೊಂಡು ಯಾವತ್ತೂ ನೇತಾಡಬಾರದು, ಪಕ್ಕೆಲುಬು ಒತ್ತಿ ಉಸಿರು ಕಟ್ಟುತ್ತದೆ. ನಿಮಗೆ ಆಗುವ ಹಾರ್ನೆಸ್ ಅಲ್ಲಿ ಇಲ್ಲ ಎಂದಾದರೆ ಆ ದಿನ ಬೇಡ. "ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವವರ ಮಾತು ಕೇಳಬೇಡಿ.

ತುಂಬಾ ತೆಳ್ಳಗಿರುವವರಿಗೂ ಇದೇ ತೊಂದರೆ. ಪಟ್ಟಿಯನ್ನು ಕೊನೆಯವರೆಗೆ ಎಳೆದರೂ ಸಡಿಲವೇ ಇದ್ದರೆ ಸಣ್ಣ ಸೈಜ್ ಕೇಳಿ.

ಮಗಳಿಗೆ ಆರು ವರ್ಷ. ದೊಡ್ಡವರ ಹಾರ್ನೆಸ್ಸನ್ನೇ ಬಿಗಿಮಾಡಿ ಹಾಕಬಹುದಾ?

ದಯವಿಟ್ಟು ಬೇಡ. ಚಿಕ್ಕ ಮಕ್ಕಳಿಗೆ ಸೊಂಟ ಇನ್ನೂ ರೂಪುಗೊಂಡಿರುವುದಿಲ್ಲ. ತಲೆ ದೊಡ್ಡದು, ಭಾರ ಮೇಲ್ಭಾಗದಲ್ಲಿ. ಹಾಗಾಗಿ ಬೇಗ ತಲೆಕೆಳಗಾಗುತ್ತಾರೆ, ಹಾಗೇ ಜಾರಿಹೋಗುತ್ತಾರೆ. ಅವರಿಗೆ ಭುಜದ ಪಟ್ಟಿ ಇರುವ, ಎದೆಯ ಹತ್ತಿರ ಹಗ್ಗ ಕಟ್ಟುವ ಫುಲ್ ಬಾಡಿ ಹಾರ್ನೆಸ್ ಬೇಕು. 40 ಕೆಜಿವರೆಗಿನ ಮಕ್ಕಳಿಗೆಂದೇ ಇಎನ್ 12277ರಲ್ಲಿ 'ಬಿ' ಎಂಬ ಪ್ರತ್ಯೇಕ ವರ್ಗ ಇದೆ. ಲೇಬಲ್ ಮೇಲೆ ನೋಡಿ. ವಯಸ್ಸು ಲೆಕ್ಕ ಹಾಕುವುದಕ್ಕಿಂತ ಮಗುವಿನ ಸೊಂಟ ನೋಡಿ. ಪಟ್ಟಿ ಎಳೆದರೆ ಕೆಳಗೆ ಬರುತ್ತಾ? ಬಂದರೆ ಫುಲ್ ಬಾಡಿಯೇ.

ಇನ್ನೊಂದು ಮಾತು. ಮಗು ಬೇಡ ಅಂದರೆ ಬೇಡ. ಅಂಚಿನಲ್ಲಿ ಅಳುವ ಮಗುವಿಗೆ ಧೈರ್ಯ ತುಂಬುವ ನೆಪದಲ್ಲಿ ತಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗರ್ಭಿಣಿಯರು?

ಮಾಮೂಲಿ ಸಿಟ್ ಹಾರ್ನೆಸ್ ಹೊಟ್ಟೆಯನ್ನು ಒತ್ತುತ್ತದೆ, ಅದು ಬೇಡವೇ ಬೇಡ. ಮೊದಲಿನಿಂದ ಹತ್ತುತ್ತಿದ್ದವರು ಮುಂದುವರಿಸುವುದಾದರೆ ಡಾಕ್ಟರನ್ನು ಕೇಳಿ, ಫುಲ್ ಬಾಡಿ ಹಾರ್ನೆಸ್‌ನಲ್ಲಿ, ಬೀಳುವ ಸಾಧ್ಯತೆ ಇಲ್ಲದಂತೆ ಮೇಲಿನಿಂದ ಹಗ್ಗ ಬಿಗಿಯಾಗಿಟ್ಟುಕೊಂಡು ಮಾತ್ರ. ಮೊದಲ ಸಲ ಟ್ರೈ ಮಾಡಲು ಇದು ಸಮಯವಲ್ಲ.

ಏನು ಬಟ್ಟೆ ಹಾಕಿಕೊಂಡು ಬರಲಿ?

ಟ್ರ್ಯಾಕ್ ಪ್ಯಾಂಟ್ ಅಥವಾ ಲೆಗ್ಗಿಂಗ್ಸ್, ಸೊಂಟ ದಾಟಿ ಉದ್ದವಾಗಿರುವ ಟಿ-ಶರ್ಟ್. ಕುರ್ತಾ ಆದರೆ ಒಳಗೆ ಸಿಕ್ಕಿಸಿ. ದುಪಟ್ಟಾ, ಶಾಲು, ಸ್ಕಾರ್ಫ್ ಕೆಳಗೇ ಬಿಟ್ಟು ಬನ್ನಿ. ಉಂಗುರ ಬಿಚ್ಚಿ. ಬಂಡೆಯ ಸೀಳಿನಲ್ಲಿ ಉಂಗುರ ಸಿಕ್ಕಿ ಬೆರಳಿನ ಚರ್ಮವೇ ಕಿತ್ತು ಬರಬಹುದು. ತಾಳಿ ಸರ ಬಿಚ್ಚಲು ಮನಸ್ಸಿಲ್ಲದಿದ್ದರೆ ಬಟ್ಟೆಯೊಳಗೆ ಹಾಕಿ, ಹೊರಗೆ ಜೋತಾಡದಂತೆ ಪಿನ್ ಮಾಡಿ. ಸೊಂಟದ ಜೇಬಿನಲ್ಲಿ ಕೀ, ಮೊಬೈಲ್ ಬೇಡ. ಪಟ್ಟಿ ಅವುಗಳ ಮೇಲೆ ಒತ್ತುತ್ತದೆ.

ಉದ್ದ ಕೂದಲಿದ್ದರೆ ಜಡೆ ಹಾಕಿ, ಅದನ್ನು ಬಟ್ಟೆಯೊಳಗೆ ಸೇರಿಸಿ. ರ‍್ಯಾಪೆಲಿಂಗ್ ಸಾಧನದೊಳಗೆ ಹಗ್ಗದ ಜೊತೆ ಕೂದಲೂ ಎಳೆದುಕೊಂಡರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಚಾಕು ತೆಗೆದು ಕೂದಲು ಕತ್ತರಿಸಲು ಹೋಗುವುದು ಇನ್ನೂ ಅಪಾಯ. ಭಾರ ಬಿದ್ದು ಬಿಗಿದ ಹಗ್ಗಕ್ಕೆ ಚಾಕು ತಾಗಿದರೂ ಸಾಕು, ತುಂಡಾಗುತ್ತದೆ.

ಇನ್ಸ್‌ಟ್ರಕ್ಟರ್ ಗಂಡಸು. ಹಾರ್ನೆಸ್ ಎಳೆದು ನೋಡುವಾಗ ಮುಜುಗರವಾಗುತ್ತದೆ. ಹೇಳಬಹುದಾ?

ಖಂಡಿತ ಹೇಳಿ. ಪರೀಕ್ಷೆ ಬಿಡುವಂತಿಲ್ಲ, ಆದರೆ ಅದನ್ನು ಮಾಡುವ ರೀತಿ ಬದಲಿಸಬಹುದು. ಒಳ್ಳೆಯ ಇನ್ಸ್‌ಟ್ರಕ್ಟರ್ ಮೊದಲು ಕೇಳುತ್ತಾರೆ: "ನಿಮ್ಮ ಬಕಲ್ ಮುಟ್ಟಿ ನೋಡಬಹುದಾ ಮೇಡಂ?" ಲೆಗ್ ಲೂಪ್ ಪಟ್ಟಿಗಳನ್ನು ನಿಮ್ಮ ಕೈಯಿಂದಲೇ ಎಳೆಸುತ್ತಾರೆ, ತಾವು ನೋಡುತ್ತಾರೆ. ಗೆಳತಿಯೊಬ್ಬಳಿಗೆ ಕಲಿಸಿ ಅವಳಿಂದಲೇ ಮಾಡಿಸಬಹುದು. ಮುಜುಗರದಿಂದ ಸುಮ್ನೆ "ಸರಿಯಿದೆ" ಎಂದುಬಿಟ್ಟು ಅಂಚಿಗೆ ಹೋಗುವುದು ಮಾತ್ರ ಬೇಡ. ಕಲಿಸುವವರಿಗೂ ಇದನ್ನೇ ಹೇಳುತ್ತೇನೆ. ಕೇಳದೆ ಮುಟ್ಟಬೇಡಿ, ನೋಡದೆ ಬಿಡಬೇಡಿ.

ರ‍್ಯಾಪೆಲಿಂಗ್ ಅಂದರೆ ಇಳಿಯುವುದು ತಾನೇ? ಹತ್ತುವುದಕ್ಕಿಂತ ಸುಲಭ ಅಲ್ವಾ?

ಮೈಗೆ ಸುಲಭ. ಆದರೆ ತಪ್ಪಾದರೆ ತಿದ್ದಿಕೊಳ್ಳಲು ಅವಕಾಶ ಕಡಿಮೆ. ಹತ್ತುವಾಗ ಕೈಕಾಲು ಬಂಡೆಯನ್ನು ಹಿಡಿದಿರುತ್ತವೆ, ಹಗ್ಗ ಕಾವಲಿಗೆ. ಇಳಿಯುವಾಗ ಮೊದಲ ಕ್ಷಣದಿಂದಲೇ ಪೂರ್ತಿ ಭಾರ ಹಾರ್ನೆಸ್, ಹಗ್ಗ, ಆಂಕರ್‌ಗಳ ಮೇಲೆ.

ಅಂಚಿಗೆ ಹೋಗುವ ಮೊದಲೇ ನಿಮ್ಮನ್ನು ಒಂದು ಸ್ಲಿಂಗ್‌ನಿಂದ ಆಂಕರ್‌ಗೆ ಸಿಕ್ಕಿಸಿರಬೇಕು. ಸಾಧನಕ್ಕೆ ಹಗ್ಗ ಹಾಕಿ, ಕ್ಯಾರಬಿನರ್‌ನ ಸ್ಕ್ರೂ ಮುಚ್ಚಿ, ಭಾರವನ್ನು ಆ ಹಗ್ಗದ ಮೇಲೆ ಬಿಟ್ಟು ನೋಡಿ. ಎಲ್ಲ ಹಿಡಿದುಕೊಂಡಿತು ಎಂದು ಖಾತ್ರಿಯಾದ ಮೇಲಷ್ಟೇ ಸ್ಲಿಂಗ್ ಬಿಚ್ಚಿ. ಈ ಕ್ರಮ ತಪ್ಪಿಸಬೇಡಿ. ಹೊಸಬರಾದರೆ ಮೇಲಿನಿಂದ ಬೇರೆ ಹಗ್ಗದಲ್ಲಿ ಇನ್ನೊಬ್ಬರು ಬಿಲೇ ಕೊಡಲೇಬೇಕು. ಒಬ್ಬರೇ ಇಳಿಯುವ ಮಟ್ಟಕ್ಕೆ ಬಂದವರು ಪ್ರುಸಿಕ್‌ನಂಥ ಗಂಟನ್ನು ಕಾವಲಿಗೆ ಹಾಕಿಕೊಳ್ಳಬೇಕು. ಬ್ರೇಕ್ ಹಿಡಿದ ಕೈ ಬಿಟ್ಟುಹೋದರೂ ಅದು ಹಗ್ಗ ಕಚ್ಚಿ ನಿಲ್ಲಿಸುತ್ತದೆ. ಈ ಗಂಟು ಸಾಧನಕ್ಕೆ ತಾಗಿದರೆ ಕಚ್ಚುವುದಿಲ್ಲ. ಅದಕ್ಕೇ ಸಾಧನವನ್ನು ಒಂದು ಸ್ಲಿಂಗ್‌ನಿಂದ ಎದೆಯ ಮಟ್ಟಕ್ಕೆ ಎತ್ತರಿಸಿ, ಪ್ರುಸಿಕ್ಕನ್ನು ಬಿಲೇ ಲೂಪ್‌ನಲ್ಲಿ ಇಡುತ್ತೇವೆ. ಕೂದಲು, ಬಟ್ಟೆ ಕಣ್ಣಿಗೆ ಕಾಣುವ ಜಾಗದಲ್ಲಿರುತ್ತವೆ ಎಂಬ ಲಾಭವೂ ಇದೆ.

ಹಗ್ಗದ ಎರಡೂ ತುದಿಗೆ ಗಂಟು ಹಾಕಿ. 2019ರ ನವೆಂಬರ್ 27ರಂದು ಮೆಕ್ಸಿಕೋದ ಎಲ್ ಪೊಟ್ರೆರೊ ಚಿಕೊದಲ್ಲಿ ಅಮೆರಿಕದ ಕ್ಲೈಂಬರ್ ಬ್ರ್ಯಾಡ್ ಗೊಬ್ರೈಟ್ ತೀರಿಕೊಂಡಿದ್ದು ಹಗ್ಗದ ತುದಿ ದಾಟಿ. ಅವರು ಮತ್ತು ಜೊತೆಗಾರ ಒಂದೇ ಹಗ್ಗದ ಎರಡು ಬದಿಯಲ್ಲಿ ಒಟ್ಟಿಗೆ ಇಳಿಯುತ್ತಿದ್ದರು. ಹಗ್ಗದ ಮಧ್ಯಭಾಗ ಸರಿಯಾಗಿ ಆಂಕರ್‌ನಲ್ಲಿರಲಿಲ್ಲ, ಹಾಗಾಗಿ ಒಂದು ಬದಿ ಗಿಡ್ಡವಾಗಿತ್ತು, ತುದಿಗೆ ಗಂಟಿರಲಿಲ್ಲ. ತುದಿಗೆ ಗಂಟು ಹಾಕಲು ಹತ್ತು ಸೆಕೆಂಡ್ ಸಾಕು.

ಹೆಲ್ಮೆಟ್ ಕ್ಲೈಂಬಿಂಗ್‌ನದ್ದೇ ಇರಲಿ, ಗದ್ದದ ಪಟ್ಟಿ ಹಾಕಿ. ವೇಗವಾಗಿ ಧುಮುಕುತ್ತಾ ಇಳಿದರೆ ಸಾಧನ ಕೈ ಸುಡುವಷ್ಟು ಬಿಸಿಯಾಗುತ್ತದೆ, ಆಂಕರ್‌ಗೂ ಎಳೆತ ಜಾಸ್ತಿ. ನಿಧಾನಕ್ಕೆ ನಡೆದಂತೆ ಇಳಿಯಿರಿ.

ರೆಸಾರ್ಟ್‌ನಲ್ಲಿ ರ‍್ಯಾಪೆಲಿಂಗ್ ಮಾಡಿಸುತ್ತಾರೆ. ಅವರು ಕೊಟ್ಟ ಹಾರ್ನೆಸ್ ಚೆನ್ನಾಗಿದೆಯಾ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಲೇಬಲ್ ಓದಿ. ಸೊಂಟದ ಪಟ್ಟಿಯ ಒಳಗಡೆ ಹೊಲಿದಿರುತ್ತದೆ. ಇಎನ್ 12277 ಅಥವಾ ಯುಐಎಎ (ಪರ್ವತಾರೋಹಣದ ಅಂತರರಾಷ್ಟ್ರೀಯ ಒಕ್ಕೂಟ) ಗುರುತು, ತಯಾರಾದ ವರ್ಷ ಇರಬೇಕು. ಲೇಬಲ್ ಅಳಿಸಿಹೋಗಿದ್ದರೆ ಆ ಹಾರ್ನೆಸ್‌ನ ವಯಸ್ಸು ಯಾರಿಗೂ ಗೊತ್ತಿಲ್ಲ ಎಂದರ್ಥ. ಆಮೇಲೆ ಬಿಲೇ ಲೂಪ್ ಮತ್ತು ಎರಡು ಕಣ್ಣುಗಳನ್ನು ಮುಟ್ಟಿ ನೋಡಿ. ನೂಲು ಎದ್ದು ಹತ್ತಿಯ ಹಾಗೆ ಮೆತ್ತಗಾಗಿದೆಯಾ? ಹೊಲಿಗೆ ಬಿಟ್ಟಿದೆಯಾ? ಎಲ್ಲಾದರೂ ಕರಗಿ ಗಾಜಿನಂತೆ ಗಟ್ಟಿಯಾಗಿದೆಯಾ? ಬಣ್ಣ ಪೂರ್ತಿ ಬೆಳ್ಳಗಾಗಿದೆಯಾ? ಯಾವುದಕ್ಕಾದರೂ ಉತ್ತರ ಹೌದು ಎಂದಾದರೆ ಬೇರೆ ಕೇಳಿ.

ದುಡ್ಡು ಕೊಟ್ಟಾಗಿದೆ, ಹಿಂದೆ ಸಾಲು ನಿಂತಿದೆ, ಹೇಗಪ್ಪಾ ಕೇಳೋದು ಅನ್ನಿಸುತ್ತದೆ. ಕೇಳಿ. ಕೇಳಿದಕ್ಕೆ ಸಿಡುಕುವ ಜಾಗದಲ್ಲಿ ಹಗ್ಗಕ್ಕೆ ಮೈ ಕೊಡಬೇಡಿ.

ಕಟ್ಟಡ ಕೆಲಸದವರ ಸೇಫ್ಟಿ ಬೆಲ್ಟ್ ಹಾಕಿಕೊಂಡು ಕ್ಲೈಂಬಿಂಗ್ ಮಾಡಬಹುದಾ? ಹಾಗೆಯೇ, ಕ್ಲೈಂಬಿಂಗ್ ಹಾರ್ನೆಸ್ ಹಾಕಿ ಅಡಿಕೆ ಮರ ಹತ್ತಬಹುದಾ?

ಎರಡಕ್ಕೂ ಇಲ್ಲ ಎಂದೇ ಉತ್ತರ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಾರ್ನೆಸ್‌ಗೆ ಬೆನ್ನಿನಲ್ಲಿ ಕೊಂಡಿ ಇರುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ ಐಎಸ್ 3521 ಎಂಬ ಮಾನದಂಡ. ಕೆಲಸ ಮಾಡುವಾಗ ಬಿದ್ದರೆ ತಡೆದು ಹಿಡಿಯಲು ಅದನ್ನು ಮಾಡಿದ್ದು. ಮುಂದೆ ಹಗ್ಗ ಕಟ್ಟಿ ಕೂತಂತೆ ಇಳಿಯಲು ಅದು ಹೊಂದುವುದಿಲ್ಲ. ಬರೀ ಸೊಂಟದ ಬೆಲ್ಟ್ ಆದರಂತೂ ಬಿದ್ದಾಗ ಬೆನ್ನುಮೂಳೆಗೇ ಪೆಟ್ಟು.

ಅಡಿಕೆ ಮರದ ಪ್ರಶ್ನೆ ಮಲೆನಾಡಿನಿಂದ ಬರುತ್ತಲೇ ಇರುತ್ತದೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರ ಜೀವದ ಪ್ರಶ್ನೆ ಇದು, ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಕ್ಲೈಂಬಿಂಗ್ ಹಾರ್ನೆಸ್ ಕೆಲಸ ಮಾಡಬೇಕಾದರೆ ಮೇಲೆ ಗಟ್ಟಿ ಆಂಕರ್ ಅಥವಾ ಹಿಡಿದುಕೊಂಡಿರುವ ಜೊತೆಗಾರ ಬೇಕು. ಅಡಿಕೆ ಮರದಲ್ಲಿ ಬೇಕಾದ್ದು ಕಾಂಡವನ್ನು ಬಳಸಿ ಕಟ್ಟಿ, ಕೈ ಬಿಟ್ಟು ಕೆಲಸ ಮಾಡಲು ಆಗುವಂಥದ್ದು. ಸೊಂಟದ ಎರಡೂ ಬದಿಗೆ ಲೋಹದ ಕೊಂಡಿ ಇರುವ, ಮರದ ಕೆಲಸಕ್ಕೆಂದೇ ಮಾಡಿದ ಹಾರ್ನೆಸ್ ಅದು. ಜೊತೆಗೆ, ಮರವೇ ಮುರಿದರೆ ಯಾವ ಹಾರ್ನೆಸ್ಸೂ ಉಳಿಸುವುದಿಲ್ಲ.

ಹಂಪಿಗೆ ಹೋಗುತ್ತಿದ್ದೇವೆ. ಹಾರ್ನೆಸ್ ತರಬೇಕಾ?

ಹಂಪಿಯಲ್ಲಿ ಹೆಚ್ಚಾಗಿ ನಡೆಯುವುದು ಬೌಲ್ಡರಿಂಗ್. ತಗ್ಗಿನ ಬಂಡೆಗಳನ್ನು ಹಗ್ಗವಿಲ್ಲದೆ ಹತ್ತುವುದು. ಅಲ್ಲಿ ಬೇಕಾದ್ದು ಕೆಳಗೆ ಹಾಸುವ ದಪ್ಪ ಕ್ರ್ಯಾಶ್ ಪ್ಯಾಡ್ ಮತ್ತು ಬೀಳುವವರನ್ನು ನೋಡಿಕೊಳ್ಳುವ ಜೊತೆಗಾರರು. ಬಾದಾಮಿಗೆ ಹೋದರೆ ಹಾರ್ನೆಸ್ ಬೇಕೇ ಬೇಕು, ಅಲ್ಲಿ ಬೋಲ್ಟ್ ಹೊಡೆದ ಎತ್ತರದ ದಾರಿಗಳಿವೆ. ಬಾದಾಮಿಯದು ಮರಳುಗಲ್ಲು. ಆ ಮರಳು ಪಟ್ಟಿಯ ನೂಲಿನೊಳಗೆ ಸೇರಿ ಉಜ್ಜುತ್ತದೆ. ವಾಪಸ್ ಬಂದ ಮೇಲೆ ಹಾರ್ನೆಸ್ ತೊಳೆಯಿರಿ.

ತೊಳೆಯುವುದು, ಇಡುವುದು ಹೇಗೆ?

ಬಕೆಟ್‌ನಲ್ಲಿ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಸ್ವಲ್ಪ ಮೈ ಸೋಪು. ಬ್ಲೀಚ್ ಬೇಡ, ಬಟ್ಟೆ ಒಗೆಯುವ ಕಲ್ಲಿಗೆ ಹೊಡೆಯಬೇಡಿ, ಹಿಂಡಬೇಡಿ. ನೆರಳಿನಲ್ಲಿ ಗಾಳಿಗೆ ಒಣಹಾಕಿ. ಬಿಸಿಲು ನೈಲಾನ್‌ನ ಬಲ ಕುಗ್ಗಿಸುತ್ತದೆ. ಮಳೆಗಾಲದಲ್ಲಿ ಅರೆ ಒಣಗಿದ್ದನ್ನು ಕಪಾಟಿಗೆ ತುರುಕಿದರೆ ಬೂಷ್ಟು ಹಿಡಿಯುತ್ತದೆ. ಇಲಿ ಕಾಟ ಇರುವ ಮನೆಯಾದರೆ ಮುಚ್ಚಳವಿರುವ ಡಬ್ಬದಲ್ಲಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಸಿಡ್. ನಮ್ಮ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಇಡುವ ಮೂಲೆಯಲ್ಲೇ ಟ್ರೆಕ್ಕಿಂಗ್ ಬ್ಯಾಗನ್ನೂ ಇಡುತ್ತೇವೆ. ಬಚ್ಚಲು ತೊಳೆಯುವ ಆಸಿಡ್ ಬಾಟಲಿಯೂ ಅಲ್ಲೇ. ಬ್ಯಾಟರಿಯ ಆಸಿಡ್, ಅದರ ಆವಿ ಸಹ ನೈಲಾನನ್ನು ತಿಂದುಹಾಕುತ್ತದೆ. ಹೊರಗೆ ಕಲೆ ಕಾಣದೆಯೂ ಪಟ್ಟಿ ತನ್ನ ಬಲವನ್ನೆಲ್ಲ ಕಳೆದುಕೊಂಡಿರಬಹುದು. ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ ಸಾಗಿಸಿದ್ದರೆ ಹಾರ್ನೆಸ್ ಅಲ್ಲಿ ಹಾಕಬೇಡಿ. ಆಸಿಡ್ ತಾಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಆ ಹಾರ್ನೆಸ್ ಕತ್ತರಿಸಿ ಎಸೆಯಿರಿ.

ಹೆಸರು ಬರೆಯುವುದಾದರೆ ಲೇಬಲ್ ಮೇಲೆ ಮಾತ್ರ. ಮಾರ್ಕರ್ ಪೆನ್ನಿನ ಶಾಯಿ ಪಟ್ಟಿಗೆ ಒಳ್ಳೆಯದಲ್ಲ.

ಎಷ್ಟು ವರ್ಷ ಬಾಳಿಕೆ? ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಬಳಸದೆ ಇಟ್ಟರೂ ತಯಾರಾಗಿ 10 ವರ್ಷ ಆದಮೇಲೆ ಬೇಡ ಎನ್ನುವ ಕಂಪನಿಗಳೇ ಹೆಚ್ಚು. ವಾರವಾರವೂ ಬಳಸುವವರಿಗೆ ಅದು ಒಂದೆರಡು ವರ್ಷಕ್ಕೇ ಮುಗಿಯಬಹುದು. ದೊಡ್ಡ ಬೀಳುವಿಕೆ ಆಗಿದ್ದರೆ ಅಂದೇ ನಿವೃತ್ತಿ. ಎಸೆಯುವಾಗ ಪಟ್ಟಿಗಳನ್ನು ಕತ್ತರಿಸಿ ಎಸೆಯಿರಿ, ಯಾರೂ ಎತ್ತಿಕೊಂಡು ಬಳಸದಿರಲಿ.

ಸೆಕೆಂಡ್ ಹ್ಯಾಂಡ್ ಬೇಡ. ಅದರ ಕತೆ ನಿಮಗೆ ಗೊತ್ತಿರುವುದಿಲ್ಲ. ಶೂ, ಚೀಲ ಹಳೆಯದು ತೆಗೆದುಕೊಂಡು ದುಡ್ಡು ಉಳಿಸಿ. ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಐದು ನಿಮಿಷ ಅದರಲ್ಲಿ ನೇತಾಡಿಯೇ ನೋಡಿ. ನಿಂತಾಗ ಹಿತವಾಗಿದ್ದದ್ದು ತೂಗಿದಾಗ ಕೊರೆಯಬಹುದು.

ಬೆನ್ನಿಗೆ ದೊಡ್ಡ ಬ್ಯಾಗ್ ಇದ್ದಾಗ ಇಳಿಯಬಹುದಾ?

ಭಾರದ ಬ್ಯಾಗ್ ನಿಮ್ಮನ್ನು ಹಿಂದಕ್ಕೆ ಮಗುಚುತ್ತದೆ. ಅದನ್ನು ಸ್ಲಿಂಗ್‌ನಿಂದ ಬಿಲೇ ಲೂಪ್‌ಗೆ ಸಿಕ್ಕಿಸಿ ಕಾಲುಗಳ ನಡುವೆ ಕೆಳಗೆ ತೂಗುಬಿಡಿ, ಇಲ್ಲವೇ ಬೇರೆಯಾಗಿ ಇಳಿಸಿ.

ಯಾರಾದರೂ ಹಗ್ಗದಲ್ಲಿ ಸಿಕ್ಕಿಹಾಕಿಕೊಂಡು ನೇತಾಡುತ್ತಿದ್ದರೆ?

ಬೇಗ ಕೆಳಗಿಳಿಸಬೇಕು. ಅಲುಗಾಡದೆ ನೇತಾಡಿದರೆ ರಕ್ತ ಕಾಲುಗಳಲ್ಲೇ ನಿಲ್ಲುತ್ತದೆ. ಆರೋಗ್ಯವಂತರಿಗೂ ಕೆಲವೇ ನಿಮಿಷಗಳಲ್ಲಿ ತಲೆಸುತ್ತು ಬರಬಹುದು, ಪ್ರಜ್ಞೆ ತಪ್ಪಬಹುದು. ಇದು ಪ್ರಾಣಕ್ಕೇ ಕುತ್ತು. ಎಚ್ಚರ ಇದ್ದರೆ ಕಾಲು ಆಡಿಸುತ್ತಿರಲು, ಬಂಡೆಗೆ ಒತ್ತುತ್ತಿರಲು ಹೇಳಿ. ಒಂದು ಸ್ಲಿಂಗ್ ಇಳಿಬಿಟ್ಟು ಅದರ ಮೇಲೆ ನಿಲ್ಲಿಸಿದರೆ ತುಂಬಾ ಸಹಾಯ. ಇಳಿಸಿದ ಮೇಲೆ ಅರ್ಧ ಗಂಟೆ ಕೂರಿಸಿಯೇ ಇಡಬೇಕು ಎಂಬ ಹಳೆಯ ಸಲಹೆ ಇತ್ತು, ಅದನ್ನು ಈಗ ಕೈಬಿಡಲಾಗಿದೆ. ಮಲಗಿಸಿ, ಉಸಿರಾಟ ನೋಡಿ, ಮಾಮೂಲಿ ಪ್ರಥಮ ಚಿಕಿತ್ಸೆ ಕೊಡಿ, 108ಕ್ಕೆ ಫೋನ್ ಮಾಡಿ.

ಮಧ್ಯದಲ್ಲಿ ಟಾಯ್ಲೆಟ್‌ಗೆ ಹೋಗಬೇಕಾದರೆ?

ಎತ್ತರದಲ್ಲಿದ್ದರೆ ಸೊಂಟದ ಪಟ್ಟಿ ಬಿಚ್ಚಬೇಡಿ, ಆಂಕರ್ ಬಿಡಬೇಡಿ. ಹಿಂದಿನ ಎಲಾಸ್ಟಿಕ್ ಕೊಂಡಿ ಬಿಚ್ಚಿದರೆ ಲೆಗ್ ಲೂಪ್ ಕೆಳಗಿಳಿಯುತ್ತದೆ. ನೆಲದ ಮೇಲಿದ್ದರೆ ಪೂರ್ತಿ ಬಿಚ್ಚಿ ಹೋಗಿ, ಬಂದ ಮೇಲೆ ಜೊತೆಗಾರರಿಂದ ಮತ್ತೆ ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳಿ.

ಅರ್ಧ ಹತ್ತಿದ ಮೇಲೆ ಹಾರ್ನೆಸ್ ಸಡಿಲ ಅನ್ನಿಸಿದರೆ ಅಲ್ಲೇ ಬಿಗಿ ಮಾಡಿಕೊಳ್ಳಬಹುದಾ?

ಬಕಲ್‌ಗೆ ಕೈ ಹಾಕಬೇಡಿ. ಬಿಗಿ ಮಾಡಲು ಹೋಗಿ ಸಡಿಲಿಸಿಬಿಡುವುದು ಸುಲಭ. ಕೆಳಗಿರುವವರಿಗೆ ಕೇಳುವಂತೆ ಕೂಗಿ ಹೇಳಿ: "ಹಾರ್ನೆಸ್ ಲೂಸ್ ಆಗಿದೆ, ಹಗ್ಗ ಟೈಟ್ ಮಾಡಿ." ಹಗ್ಗ ಬಿಗಿಯಾದ ಮೇಲೆ ಎರಡೂ ಕೈಯಿಂದ ಗಂಟಿನ ಮೇಲಿನ ಹಗ್ಗ ಹಿಡಿದುಕೊಳ್ಳಿ. ಮೈ ನೆಟ್ಟಗೆ, ತಲೆ ಮೇಲಕ್ಕೆ ಇರಲಿ. ಹಾಗೇ ನಿಧಾನಕ್ಕೆ ಇಳಿಸಲು ಹೇಳಿ. ನೆಲಕ್ಕೆ ಕಾಲು ಊರಿದ ಮೇಲೆ ಹಾರ್ನೆಸ್ ಬಿಚ್ಚಿ, ಮೊದಲಿನಿಂದ ಕಟ್ಟಿ.